ಕಿವಿಗೂ ಮೇಜಿಗೂ ನಡುವೆ

"ಹಲೋ, ಗುರುತಿನ ಕಾರ್ಡ್ ಸಹಾಯವಾಣಿ… ಯಾರು ಮಾತಾಡ್ತಿರೋದು?"

ಉತ್ತರವನ್ನು ಪೂರ್ತಿ ಕೇಳುವ ಅಗತ್ಯವೇ ಅವಳಿಗೆ ಬೀಳಲಿಲ್ಲ. ಮಾತಿಗಿಂತ ಮೊದಲೇ ಆ ಕಡೆಯಿಂದ ಗೋಡೆ ಗಡಿಯಾರಗಳ ಟಿಕ್ ಟಿಕ್ ಬಂತು, ಒಂದಲ್ಲ, ಹತ್ತಿಪ್ಪತ್ತು. ನಿನ್ನೆಯ ಗಡಿಯಾರ ರಿಪೇರಿಯವರು! ದನಿಯ ಗುರುತು ಹತ್ತದಿರಲೆಂದು ಅವಳ ಕೈ ತಾನಾಗಿ ಮೈಕನ್ನು ಬಾಯಿಂದ ದೂರ ಸರಿಸಿತು.

"ಹೇಳಿ ಯಜಮಾನ್ರೇ… ಹಾಂ… ಅರ್ಜಿ ರದ್ದು ಮಾಡಬೇಕಾ? ಅಂಗಡಿ ಲೈಸೆನ್ಸ್ ನವೀಕರಣದ್ದಾ? ಯಾಕೆ? ಇವತ್ತು ಐದು ಗಂಟೆಗೆ ಕೊನೆ, ಅಲ್ವಾ? ಅರ್ಜಿ ಹಾಕಿದ್ದು ನೀವೇ ಅಂತ ಖಾತ್ರಿಗೆ ಗುರುತಿನ ಕಾರ್ಡಿನ ಚಿಪ್ಪನ್ನ ಫೋನಿಗೆ ಓದಿಸಿಬಿಟ್ರೆ ಕೆಲಸ ಮುಗೀತು…"

"ಓದಲ್ವಾ… ಎಷ್ಟು ಸಲ ಇಟ್ರಿ?… ಹನ್ನೊಂದು! ಎಲ್ಲಾ ನಿನ್ನೆಯ ಕರೆಯಲ್ಲೇನಾ?… ಆಮೇಲೆ ಮುಟ್ಟಲೇ ಇಲ್ಲ…"

"ಏನಂದ್ರಿ? ಕೈ ನಡುಗುತ್ತೆ ಅಂತ… ಯಾರು ಹೇಳಿದ್ದು?… ಇಲ್ಲಿಂದಲೇನಾ?… ಒಬ್ಬಳು ಹೆಂಗಸು… ಓ. ಇಲ್ಲಿ ಮೂವತ್ತು ಜನ ಇದ್ದೀವಿ ಯಜಮಾನ್ರೇ. ಯಾರೋ ಏನೋ…"

ಹಾಗೆ ಹೇಳಿದವಳು ತಾನೇ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಂದು ಕರೆಗೆ ಆರು ನಿಮಿಷ. ಮೀರಿದರೆ ಮೇಜಿನ ಮೇಲೆ ಕೆಂಪು ದೀಪ. ನಿನ್ನೆ ದೀಪ ಹತ್ತಿಯಾಗಿತ್ತು, ಹೊಟ್ಟೆಯೂ ಹಸಿದಿತ್ತು. "ವಯಸ್ಸಾಯ್ತಲ್ಲ, ನಿಮ್ಮ ಕೈ ನಡುಗುತ್ತೆ, ಅದಕ್ಕೇ ಓದ್ತಿಲ್ಲ" ಎಂದು ಸಾಗಹಾಕಿದ್ದಳು. ಎಂದೂ ಕಾಣದ ಕೈಯ ಬಗ್ಗೆ ಕಂಪ್ಯೂಟರಿನಲ್ಲೂ ಬರೆದಿಟ್ಟಿದ್ದಳು: ಕೈ ನಡುಕ.

"ಹಾಂ… ಬೆಳಿಗ್ಗೆಯಿಂದ ಒಂದು ಗಡಿಯಾರಾನೂ ಬಿಚ್ಚಿಲ್ವಾ? ಬಂದವರನ್ನೆಲ್ಲ ವಾಪಸ್ ಕಳಿಸಿದ್ರಾ? ಅಯ್ಯೋ… ಚಿಮುಟಾನ ಗಾಜಿನ ಬಟ್ಟಲಲ್ಲಿ ಹಾಕಿಟ್ಟವರು ಮುಟ್ಟೇ ಇಲ್ಲ… ಐವತ್ತು ವರ್ಷ ಕೆಲಸ ಮಾಡಿದ ಕೈ ಅಲ್ವಾ ಅದು!… ಕೈ ನಡುಗೋನು ಇನ್ನೊಬ್ಬರ ಗಡಿಯಾರ ಬಿಚ್ಚಬಾರದು ಅಂತೀರಾ… ಅದಕ್ಕೇ ಲೈಸೆನ್ಸೇ ಬೇಡ ಅಂತ…"

ಅವಳ ಕಿವಿ ಬಿಸಿಯಾಯಿತು. ನಾಲಿಗೆಗೆ ಎಲುಬಿಲ್ಲ ಎನ್ನುತ್ತಾರೆ. ಆ ಎಲುಬಿಲ್ಲದ್ದು ಈಗ ಒಂದು ಅಂಗಡಿಯ ಬಾಗಿಲನ್ನೇ ಎಳೆದು ಮುಚ್ಚಲು ಹೊರಟಿತ್ತು.

"ಇರಿ, ಇರಿ. ರದ್ದು ಆಮೇಲೆ. ಹೇಗೆ ಇಟ್ರಿ, ಅದನ್ನ ಹೇಳಿ… ಮೇಜಿನ ಮೇಲೆ ಕಾರ್ಡು… ಅದರ ಮೇಲೆ ಫೋನು… ಸರಿಯಾಗೇ ಇದೆಯಲ್ಲ. ಆಮೇಲೆ?… ಫೋನಲ್ಲಿ ಅವಳ ದನಿ ಸಣ್ಣಗೆ ಕೇಳ್ತಿತ್ತು… 'ಆಯ್ತಾ? ಏನು ಬಂತು?' ಅಂತಿದ್ಳು… ಆಗ ನೀವು?…"

"ಫೋನ್ ಎತ್ತಿ ಕಿವಿಗಿಟ್ಟು ಉತ್ತರ ಹೇಳ್ತಿದ್ರಾ! ಹನ್ನೊಂದು ಸಲವೂ?… ಸ್ಪೀಕರ್ ಹಾಕಿರಲಿಲ್ವಾ?… ಅದು ಕೆಟ್ಟು ಎರಡು ವರ್ಷ… ಹಾಂ… ಕೇಳಿದವರಿಗೆ ಉತ್ತರ ಕೊಡದೆ ಹೇಗಿರೋದು ಅಂತ… ಹೌದು. ಮರ್ಯಾದೆ ಅಂತ ಒಂದಿದೆ, ಅಲ್ವಾ…"

ಎದುರಿಗೆ ಅಂಟಿಸಿದ್ದ ಹಾಳೆಯ ಮೊದಲ ಸಾಲೇ ಅದು: ಸ್ಪೀಕರ್ ಹಾಕಿದ್ದಾರೆಯೇ ಎಂದು ಕೇಳಿ. ಅವಳು ಕೇಳಿರಲಿಲ್ಲ. ಚಿಪ್ ಓದಿಸಲು ಹತ್ತು ಎಣಿಸುವಷ್ಟು ಹೊತ್ತು ಬೇಕು. ಐದು ಎಣಿಸುವುದರೊಳಗೆ ಇವಳು "ಆಯ್ತಾ?" ಎನ್ನುವುದು, ಆ ಹಿರಿಯರು ಮರ್ಯಾದೆಗೆ ಫೋನ್ ಎತ್ತುವುದು, ಓದು ಅರ್ಧಕ್ಕೆ ನಿಲ್ಲುವುದು. ಅವಳು ಮೈಕನ್ನು ಮತ್ತೆ ಬಾಯಿಯ ಹತ್ತಿರಕ್ಕೆ ಎಳೆದುಕೊಂಡಳು.

"ಯಜಮಾನ್ರೇ… ನಿಮ್ಮ ಕೈ ನಡುಗಿಲ್ಲ… ಅಲ್ಲ, ಸಮಾಧಾನಕ್ಕೆ ಹೇಳ್ತಿಲ್ಲ. ನಾನು ಕೇಳಿದೆ, ನೀವು ಎತ್ತಿದ್ರಿ. ಅಷ್ಟೇ ಆಗಿದ್ದು… ಹಾಂ, ನಾನೇ. ನಿನ್ನೆಯವಳು ನಾನೇ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ ಹಾಗೆ, ನನ್ನ ತಪ್ಪನ್ನ ನಿಮ್ಮ ಕೈಗೆ ಅಂಟಿಸಿಬಿಟ್ಟೆ. ಈಗಲೂ ಯಾರೋ ಏನೋ ಅಂತ ಸುಳ್ಳು ಹೇಳಿದೆ. ತಪ್ಪಾಯ್ತು…"

"ಏನು? ಮೊದಲನೇ ಹಲೋಗೇ ಗೊತ್ತಾಯ್ತಾ?… ಹೌದು ಬಿಡಿ, ಟಿಕ್ ಟಿಕ್ ಕೇಳಿ ಗಡಿಯಾರದ ಕಾಯಿಲೆ ಹೇಳೋರು ನೀವು… ಮತ್ತೆ ಯಾಕೆ ಸುಮ್ಮನಿದ್ರಿ?… ನನಗೆ ಮುಜುಗರ ಆಗುತ್ತೆ ಅಂತಾ?…"

ಇದಕ್ಕಿಂತ ನಾಲ್ಕು ಬೈದಿದ್ದರೆ ಚೆನ್ನಾಗಿತ್ತು. ಅವಳು ತಲೆ ತಗ್ಗಿಸಿದಳು, ಎದುರಿಗೆ ಕಂಪ್ಯೂಟರಿನ ಹೊರತು ಯಾರೂ ಇಲ್ಲದಿದ್ದರೂ. ಕೆಂಪು ದೀಪ ಹತ್ತಿತು. ಪಕ್ಕದ ಕುರ್ಚಿಯವಳು ಕಣ್ಣಲ್ಲೇ 'ಮುಗಿಸೇ' ಎಂದಳು. ಅವಳು ಕರ್ಚೀಫು ತೆಗೆದು ದೀಪದ ಮೇಲೆ ಹೊದಿಸಿದಳು.

"ಸ್ವಲ್ಪ ಬೈದುಬಿಡಿ ಯಜಮಾನ್ರೇ, ನನಗೂ ಹಗುರ ಆಗುತ್ತೆ… ಹೊತ್ತಿಲ್ವಾ? ನಾಲ್ಕೂ ನಲವತ್ತಾ? ನಿಮ್ಮ ಅಷ್ಟು ಗಡಿಯಾರದಲ್ಲಿ ಯಾವುದರ ಪ್ರಕಾರ?… ಎಲ್ಲದರ ಪ್ರಕಾರಾನೂ! ಸರಿ, ಸರಿ, ಕೇಳಿದ್ದೇ ತಪ್ಪು…"

"ಈಗ ಆ್ಯಪ್ ತೆಗೀರಿ… ಫೋನಿನ ಕವರ್ ಕಳಚಿದ್ರಾ?… ಕಾರ್ಡು ಮೇಜಿನ ಮೇಲೆ. ಫೋನಿನ ತಲೆಭಾಗ ಅದರ ಮೇಲೆ ಬರಲಿ. ಇಟ್ಟು ಕೈ ತೆಗೆದುಬಿಡಿ. ಓದಿ ಮುಗಿದ್ರೆ ಒಂದು ಸಲ ಗುಂಯ್ ಅನ್ನುತ್ತೆ, ಕೆಟ್ರೆ ಎರಡು ಸಲ. ಅಲ್ಲಿವರೆಗೂ ನಾನು ಇಲ್ಲಿ ಬಾಯಿ ಬಡ್ಕೊಂಡ್ರೂ ಎತ್ತಬೇಡಿ… ಇಲ್ಲ, ಇವತ್ತು ಏನೂ ಕೇಳಲ್ಲ. ಆಣೆಗೂ ಕೇಳಲ್ಲ… ಹಾಂ. ಇಡಿ."

ಮರದ ಮೇಲೆ ಫೋನ್ ಇಟ್ಟ ಸದ್ದು. ಆಮೇಲೆ ಬರೀ ಟಿಕ್ ಟಿಕ್. ಮೂರು… ನಾಲ್ಕು… ಐದಕ್ಕೆ 'ಆಯ್ತಾ' ಎಂಬುದು ಅವಳ ಗಂಟಲವರೆಗೂ ಬಂತು. ಕೆಳತುಟಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಳು. ಆರು… ಏಳು… ನಡುಗುತ್ತಿದ್ದದ್ದು ಅವಳ ಕೈ. ಎಂಟು… ಒಂಬತ್ತು… ಹತ್ತು…

ಗುಂಯ್.

ಎರಡನೆಯದಕ್ಕೆ ಉಸಿರು ಬಿಗಿಹಿಡಿದು ಕಾದಳು. ಬರಲಿಲ್ಲ. ಅದರ ಬದಲು ಟಿಕ್ ಟಿಕ್ಕುಗಳ ನಡುವೆ ಗಾಜಿನ ಬಟ್ಟಲಿಗೆ ಲೋಹ ತಾಗಿದ ಸಣ್ಣ ಸದ್ದು ಕೇಳಿತು, ಯಾರೋ ಅದರೊಳಗಿಂದ ಏನನ್ನೋ ಮೆಲ್ಲನೆ ಎತ್ತಿಕೊಂಡ ಹಾಗೆ.

"ಯಜಮಾನ್ರೇ, ಅದು ಚಿಮುಟ…"

ಆ ಕಡೆಯಿಂದ ಲೈನು ಕಟ್ಟಾಯಿತು.