ಮಸಿ ಬಳಿದ ವರದಿ

ಬುಕಾರೆಸ್ಟಿನ ಟ್ರಾಮ್ ನಿಲ್ದಾಣದಲ್ಲಿ ಬಿಸಿ ಕೊವ್ರಿಗ್ ಬ್ರೆಡ್ಡು ಮುರಿದು ತಿನ್ನುತ್ತ ನಿಂತಿದ್ದೆ. ಪಕ್ಕದಲ್ಲಿ ಒಂದೇ ಕಟ್ಟಡದ ಇಬ್ಬರು: ವೆಟೂರಿಯಾ ಎಂಬ ವಯಸ್ಸಾದ ಹೆಂಗಸು, ಸೆವೆರ್ ಎಂಬ ನಡುವಯಸ್ಸಿನವನು. ಎದುರಿನ ಸರ್ಕಾರಿ ಕಚೇರಿಯಿಂದ ಆಗಷ್ಟೇ ಹೊರಬಿದ್ದಿದ್ದರು. ಅವರ ಕಟ್ಟಡದ ತಪಾಸಣಾ ವರದಿಯ ಕಾಗದ ಆಕೆಯ ಕೈಯಲ್ಲಿತ್ತು.

“ಕಟ್ಟಡ ನಮ್ದು, ಗೋಡೆ ಬಿರುಕು ನಮ್ದು, ವರದಿ ಮಾತ್ರ ಅವರ ಗುಟ್ಟಂತೆ! ಕೋರ್ಟು ಮೆಟ್ಟಿಲು ಹತ್ತಿದ್ಮೇಲೆ ಕೊಟ್ರು. ಅದೂ ಪುಟ ತುಂಬಾ ಮಸಿ ಬಳ್ದು!”

“ಮಸಿ ಬಳೀದೆ ಬಿಟ್ಟಿರೋದೇನು, ವೆಟೂರಿಯಮ್ಮ?”

“ಒಂದೇ ಸಾಲು. ದೊಡ್ಡ ಭೂಕಂಪ ಆದ್ರೆ ಈ ಕಟ್ಟಡ ನಿಲ್ಲಲ್ಲ ಅಂತ.”

“ಅಯ್ಯೋ!”

“ಇವತ್ತು ಸಂಜೇನೇ ಮೆಟ್ಟಿಲ ಹತ್ರ ಅಂಟಿಸ್ತೀನಿ. ಎಲ್ರೂ ಓದ್ಲಿ.”

“ಸಂಜೇನಾ? ಸ್ವಲ್ಪ ತಡೀರಿ.”

“ಯಾಕಪ್ಪ? ವರದಿ ಕೊಡಿ ಅನ್ನೋ ಅರ್ಜಿಗೆ ಮೊದಲ ಸಹಿ ನಿಂದೇ. ಜನಕ್ಕೆ ಗೊತ್ತಾಗ್ಬೇಕು ಅಂತ ಮೇಜು ಕುಟ್ಟಿ ಕೂಗಾಡಿದ್ದೂ ನೀನೇ.”

“ಆಗ ಕುಟ್ಟಿದ್ದೆ. ಈಗ ಮನೆ ಮಾರ್ತಿದ್ದೀನಲ್ಲ. ಬೀಳೋ ಕಟ್ಟಡಗಳಿಗೆ ಕೆಂಪು ಬಿಲ್ಲೆ ಹೊಡೀತಾರಲ್ಲ, ಅದಕ್ಕಿಂತ ಕೆಟ್ಟದು ಆ ಕಾಗದ. ಕೊಳ್ಳೋರು ಭಾನುವಾರ ಕರಾರಿಗೆ ಬರ್ತಿದ್ದಾರೆ.”

“ಯಾರವರು?”

“ಯಾರೋ ಗಂಡ ಹೆಂಡ್ತಿ. ಒಂದು ಚಿಕ್ಕ ಮಗು ಇದೆ.”

“ಥೂ ನಿನ್ನ! ಇಷ್ಟು ದಿನ ಆ ಕಚೇರಿಯವರನ್ನ ಬೈದ್ವಲ್ಲೋ. ಈಗ ಮಸಿ ಡಬ್ಬ ನಿನ್ನ ಕೈಗೇ ಬಂತಾ?”

“ಸೋಮವಾರದವರೆಗಾದ್ರೂ ತಡೀರಿ, ನಿಮ್ಮ ದಮ್ಮಯ್ಯ!”

ಟ್ರಾಮ್ ಬಂತು. ಆತ ನಿಂತಲ್ಲೇ ನಿಂತ. ಆಕೆ ಕಂಬಿ ಹಿಡಿದು ಹತ್ತಿ, ಬಾಗಿಲಲ್ಲಿ ತಿರುಗಿದಳು.

“ಅದನ್ನ ಭೂಕಂಪಕ್ಕೆ ಹೇಳು, ಸೋಮವಾರದವರೆಗೆ ತಡಿ ಅಂತ.”