ಬಣವೆಯ ಮರೆಯ ಲೋಳಸರ

ಹೆಸರು ಹಂಪವ್ವ, ಗಂಡ ತೀರಿಹೋದ ಹನುಮಂತಪ್ಪ, ವಯಸ್ಸು ಅಂದಾಜು ನಲವತ್ತೈದು, ಕೆಲಸ ಕೂಲಿ ಮತ್ತು ಹಿತ್ತಲಲ್ಲಿ ಲೋಳಸರ ಬೆಳೆದು ಸುಟ್ಟಗಾಯ, ಕಣ್ಣುಬೇನೆಗೆ ಕೊಡುವುದು, ವಾಸ ಹುಲಿಹೈದರ, ತಾಲೂಕು ಗಂಗಾವತಿ. ನಾನಾಗಿಯೇ ಠಾಣೆಗೆ ಬಂದು ಅಮೀನ ಸಾಹೇಬರ ಮುಂದೆ ಬರೆಸುವುದೇನೆಂದರೆ:

ನನ್ನ ಒಬ್ಬಳೇ ಮಗಳು ದುರಗಮ್ಮಳನ್ನು ಎರಡು ವರ್ಷದ ಹಿಂದೆ ಕನಕಗಿರಿಯ ಹನಮಪ್ಪನಿಗೆ ಕೊಟ್ಟಿದ್ದೇನೆ. ಹೋಗುವಾಗ ನನ್ನ ಹಿತ್ತಲಿನಿಂದ ನಾಲ್ಕು ಲೋಳಸರದ ಮರಿ ಒಯ್ದು ಅಲ್ಲಿಯೂ ಬೆಳೆಸಿದ್ದಳು. ಹೋಳಿ ಹುಣ್ಣಿಮೆಗೆ ಬಂದಾಗ ಅವಳ ಬೆನ್ನಿನ ಸುಟ್ಟಗಾಯಕ್ಕೆ ನಾನೇ ಲೋಳೆ ಹಚ್ಚಿದೆನು. ಹೇಗಾಯಿತೆಂದು ಕೇಳಿದ್ದಕ್ಕೆ ಒಲೆ ತಾಕಿತೆಂದಳು. ಬೆನ್ನಿಗೆ ಒಲೆ ಹೇಗೆ ತಾಕೀತು? ಆದರೂ ತಿರುಗಿ ಕಳಿಸಿದೆನು. ಆ ತಪ್ಪು ನನ್ನದು.

ಮೊನ್ನೆ ಮಂಗಳವಾರ, ಮೇ 2ನೇ ತಾರೀಖು, ಬೆಳಿಗ್ಗೆ ಒಂಬತ್ತರ ಸುಮಾರಿಗೆ ಅವರ ಮನೆಗೆ ಹೋದೆನು. ಬೀಗತಿ ಹೊಳಿಯಮ್ಮ, ಸೊಸೆ ಹತ್ತು ದಿನದ ಹಿಂದೆಯೇ ಜಗಳ ಮಾಡಿ ತವರಿಗೆ ಹೋದಳೆಂದಳು. ಅವಳಿಗೆ ತವರೆಂದರೆ ನಾನೇ. ನನ್ನಲ್ಲಿಗೆ ಬಂದಿಲ್ಲ.

ಹಿತ್ತಲಿಗೆ ಹೋದೆನು. ಬಣವೆಯ ಮರೆಯಲ್ಲಿ ನಾಲ್ಕು ಮೊಳ ಉದ್ದ, ಎರಡು ಮೊಳ ಅಗಲದ ಹೊಸ ಮಡಿ, ಅದರ ತುಂಬ ಇಪ್ಪತ್ತೊಂದು ಲೋಳಸರ. ಅಳಿಯ ಕೊಡದಿಂದ ನೀರು ಸುರಿಯುತ್ತಿದ್ದನು. ಯಾರು ನೆಟ್ಟರೆಂದು ಕೇಳಿದೆನು. "ನಿಮ್ಮ ಮಗಳೇ ನೆಟ್ಟು ಹೋಗ್ಯಾಳ್ರಿ ಅತ್ತಿ. ಒಣಗಬಾರದಂತ ದಿನಾ ನಾಕು ಕೊಡ ಹಾಕಾಕತ್ತೀನಿ" ಎಂದನು. ನನ್ನ ಮುಖ ನೋಡಲಿಲ್ಲ.

ಲೋಳಸರದ ಮರಿ ಕಿತ್ತ ಮೇಲೆ ಮೂರು ದಿನ ನೆರಳಿಗಿಟ್ಟು ನೆಡಬೇಕು. ಆಮೇಲೆ ಎಂಟು ದಿನ ಹನಿ ನೀರು ಮುಟ್ಟಿಸಬಾರದು. ದುರಗಮ್ಮ ಇದನ್ನು ಹಾಲುಹಲ್ಲು ಬೀಳುವ ವಯಸ್ಸಿನಿಂದ ನನ್ನ ಕೈಕೆಳಗೆ ಕಲಿತವಳು. ಅಲ್ಲಿ ಬುಡಗಳೆಲ್ಲ ಕೊಳೆತಿದ್ದವು, ನಡುವಿನ ಗಿಡಗಳು ಮಣ್ಣಿನ ಸಮೇತ ಒಂದು ಗೇಣು ಕುಸಿದಿದ್ದವು. ಕುಡಿಯುವ ನೀರನ್ನೇ ಹಳ್ಳದಿಂದ ಹೊತ್ತು ತರುವ ಈ ಬಿಸಿಲಲ್ಲಿ ಆ ಮಣ್ಣಿಗೇಕೆ ನಾಲ್ಕು ಕೊಡ?

ಒಂದು ಗಿಡ ಕೀಳಲು ಬಗ್ಗಿದೆನು. ಹೊಳಿಯಮ್ಮ ಓಡಿ ಬಂದು "ಯವ್ವಾ, ಅದನ್ನ ಮುಟ್ಟಬ್ಯಾಡ" ಎಂದು ನನ್ನ ರಟ್ಟೆ ಹಿಡಿದಳು. ನಿನ್ನೆಯೆಲ್ಲ ನಂಟರ ಮೂರು ಊರು ತಿರುಗಿ ಕೇಳಿದೆನು. ಮಗಳು ಎಲ್ಲಿಯೂ ಹೋಗಿಲ್ಲ.

ಆ ಮಡಿಯನ್ನು ಅಗೆಸಬೇಕೆಂದು ಬೇಡಿಕೊಳ್ಳುತ್ತೇನೆ. ಕೆಳಗೆ ಏನೂ ಸಿಗದಿದ್ದರೆ ಇಪ್ಪತ್ತೊಂದೂ ಗಿಡಗಳನ್ನು ನಾನೇ ತಿರುಗಿ ನೆಟ್ಟು, ಊರೆದುರು ಬೀಗತಿಯ ಕಾಲು ಹಿಡಿಯುತ್ತೇನೆ. ನನ್ನ ಅನುಮಾನ ಸುಳ್ಳಾಗಲೆಂದು ದೇವರಿಗೆ ಹರಕೆ ಹೊತ್ತೇ ಇಲ್ಲಿಗೆ ಬಂದಿದ್ದೇನೆ.

ಬರೆದದ್ದನ್ನು ಓದಿ ಹೇಳಿದರು, ಕೇಳಿದೆನು. ಕಂಡದ್ದನ್ನು ಕಂಡಂತೆಯೇ ಹೇಳಿದ್ದೇನೆ.

ಸ್ಥಳ: ಗಂಗಾವತಿ
ತಾರೀಖು: 4-5-1939
ಹಂಪವ್ವಳ ಎಡಗೈ ಹೆಬ್ಬೆಟ್ಟಿನ ಗುರುತು