ಚೈನು ಹಿಡಿದವನು

ಇದು ಯಾರೋ ಹೇಳಿ ಯಾರೋ ಕೇಳಿದ್ದಲ್ಲ. ನನ್ನ ದೊಡ್ಡಮ್ಮನ ಮಗ ಲತೀಶನಿಗೆ ಆದದ್ದು... ಹೋದ ವರ್ಷ, ಪಂಜದಲ್ಲಿ.

ರಾತ್ರಿ ಹತ್ತು ಗಂಟೆ. ಲತೀಶ ಭಜನೆ ಮುಗಿಸಿ ರಬ್ಬರ್ ತೋಟದ ದಾರಿಯಲ್ಲಿ ಒಬ್ಬನೇ ನಡೆದು ಬರ್ತಾ ಇದ್ದ. ದಾರಿಯಲ್ಲಿ ಒಂದು ಪಾಳು ಬಾವಿ ಉಂಟು. ಅದರ ಹತ್ತಿರ ಮುಟ್ಟುವಾಗ ಅಷ್ಟು ಹೊತ್ತೂ ಕೂಗುತ್ತಿದ್ದ ಕಪ್ಪೆಗಳು ಒಮ್ಮೆಲೇ ಸುಮ್ಮನಾದವು. ಆಗ ಕೇಳಿತು...

ಟಿಕ್... ಟಿಕ್ ಟಿಕ್... ಟಿಕ್...

ಬಾವಿಯಿಂದಲ್ಲ. ಅವನ ಮನೆಯ ಕಡೆಯಿಂದ. ಭಾರ ಎತ್ತುವ ಚೈನ್ ಪುಲ್ಲಿ ಎಳೆಯುವ ಸದ್ದು.

ವಿಷಯ ಎಂತ ಅಂದರೆ, ಅವನ ಹಳೇ ಲಾರಿಯ ಇಂಜಿನ್ ಕೆಟ್ಟು ಇಪ್ಪತ್ತು ದಿನ ಆಗಿತ್ತು. ಸ್ಟೇರಿಂಗ್ ಹಿಡಿಯದೆ ಅವನಿಗೆ ನಿದ್ದೆಯೇ ಇಲ್ಲ. ಕೂತಲ್ಲಿ ಕೂರುದಿಲ್ಲ, ಉಣ್ಣುವಾಗಲೂ ಅಂಗಳದ ಕಡೆಗೇ ಕಣ್ಣು. ಕಡೆಗೆ ಕಬಕದ ಮೆಕ್ಯಾನಿಕ್ ಹಕೀಮ್ ಗುಜರಿಯಿಂದ ಬೇರೊಂದು ಇಂಜಿನ್ ಹುಡುಕಿ ತಂದ. ಇಬ್ಬರೂ ಸೇರಿ ಅಂಗಳದಲ್ಲೇ ಮೂರು ಕಬ್ಬಿಣದ ಪೈಪು ನಿಲ್ಲಿಸಿ, ಚೈನ್ ಪುಲ್ಲಿ ಕಟ್ಟಿ, ಹಳೇದನ್ನು ಎತ್ತಿ ಬದಿಗಿಟ್ಟರು. ತಂದದ್ದನ್ನು ಚಾಸಿಯ ಮೇಲೆ ಎರಡು ಹಲಗೆ ಅಡ್ಡ ಇಟ್ಟು ಕೂರಿಸುವಷ್ಟರಲ್ಲಿ ಕತ್ತಲಾಯಿತು.

"ಪುಲ್ಲಿಯ ಲಾಕು ಸವೆದಿದೆ ಮಾರಾಯ. ಚೈನು ಕೈಯಲ್ಲಿ ಹಿಡಿದರೆ ಮಾತ್ರ ನಿಲ್ಲುದು, ಬಿಟ್ಟರೆ ಇಂಜಿನ್ ಕೆಳಗೆ. ನಾಳೆ ನಾನು ಬರುವವರೆಗೆ ಮುಟ್ಟಬೇಡ," ಅಂತ ಹೇಳಿಯೇ ಹಕೀಮ್ ಬಸ್ಸಿಗೆ ಹೋಗಿದ್ದ.

'ಬಸ್ಸು ತಪ್ಪಿತು ಕಾಣ್ತದೆ. ವಾಪಸ್ ಬಂದು ಕೆಲಸ ಸುರು ಮಾಡಿದ್ದಾನೆ' ಅಂದುಕೊಂಡ ಲತೀಶ. ಬೇಗ ಬೇಗ ಕಾಲು ಹಾಕಿದ.

ಅಂಗಳದಲ್ಲಿ ಲೈಟಿಲ್ಲ. ಒಳಗೆ ಟೀವಿಯ ಸದ್ದು. ನೋಡಿದರೆ ಹಲಗೆ ಎರಡೂ ನೆಲದಲ್ಲಿ... ಇಂಜಿನ್ ಚೈನಿನಲ್ಲಿ ನೇತಾಡ್ತಾ ಉಂಟು. ಚೈನಿನ ತುದಿ ಲಾರಿಯಡಿಗೆ ಹೋಗಿದೆ, ಅಲ್ಲಿಂದ ಒಂದು ಜೊತೆ ಕಾಲು ಹೊರಗೆ ಕಾಣ್ತಾ ಉಂಟು.

"ಚೈನು ಹಿಡಿ..." ಕೆಳಗಿನಿಂದ ಪಿಸುಮಾತು.

ಲತೀಶ ಓಡಿ ಹೋಗಿ ಹಿಡಿದ.

"ಇಳಿಸು... ಮೆಲ್ಲ."

ಇಳಿಸಿದ.

"ಎಡಕ್ಕೆ... ಒಂದು ನೂಲಿನಷ್ಟು."

ಒಂದು ಕೈಯಲ್ಲಿ ಚೈನು, ಇನ್ನೊಂದು ಕೈಯಲ್ಲಿ ಇಂಜಿನನ್ನು ದೂಡಿದ. ಗೇರ್‌ಬಾಕ್ಸಿನ ಶಾಫ್ಟು ಕ್ಲಚ್ಚಿನೊಳಗೆ ಕೂರುದಕ್ಕೆ ಎಂಥ ಮೇಸ್ತ್ರಿಯಾದರೂ ಹತ್ತು ಸಲ ಅಲ್ಲಾಡಿಸಬೇಕು. ಇದು ಒಂದೇ ಸಲಕ್ಕೆ... ಠಕ್! ಕೂತಿತು.

"ಹಕೀಮ್, ನೀನು ಭಾರೀ ಗಟ್ಟಿಗ ಮಾರಾಯ," ಅಂದ ಲತೀಶ.

ಅಡಿಯಿಂದ ಸ್ಪಾನರ್ ತಿರುಗುವ ಸದ್ದು ಮಾತ್ರ. ಕರ್ಕ್... ಕರ್ಕ್...

ಅಷ್ಟರಲ್ಲಿ ಅವನ ಹೆಂಡತಿ ಸುರಕ್ಷಾ ಫೋನು ಹಿಡಿದು ಜಗಲಿಗೆ ಬಂದಳು. "ಓಯ್, ಹಕೀಮಣ್ಣ ಮಾತಾಡ್ತಿದ್ದಾರೆ. ಮನೆ ಮುಟ್ಟಿದ್ರಂತೆ. ಪುಲ್ಲಿ ಮುಟ್ಟಬೇಡಿ ಅಂತ ಇನ್ನೊಮ್ಮೆ ಹೇಳ್ಲಿಕ್ಕೆ ಮಾಡಿದ್ದಂತೆ."

ಲತೀಶ ಲಾರಿಯಡಿಯ ಕಾಲುಗಳನ್ನೇ ನೋಡಿದ. "ಹಾಗಾದ್ರೆ... ಆಗದಿಂದ ಇಲ್ಲಿ ಚೈನು ಎಳೆದದ್ದು ಯಾರು?"

"ನೀವಲ್ವಾ? ನಾನು ನೀವೇ ಅಂತ..."

ಸ್ಪಾನರಿನ ಸದ್ದು ನಿಂತಿತು.

"ಅಡಿಯಲ್ಲಿ ಯಾರು?" ಅಂತ ಕೇಳಿದ.

ಕೆಳಗಿನಿಂದ, ಸಣ್ಣಕ್ಕೆ...

"ಬಿಡ್ತೀಯಾ?"

ಓಡಬೇಕು ಅಂತ ಕಾಲು ಹೇಳ್ತದೆ. ಆದರೆ ಕೈ? ಮುನ್ನೂರು ಕಿಲೋ ಇಂಜಿನ್, ಬೋಲ್ಟು ಕೂತಿದೆಯೋ ಇಲ್ಲವೋ ಗೊತ್ತಿಲ್ಲ. ಅಡಿಯಲ್ಲಿ ಇರುವುದು ಮನುಷ್ಯನೇ ಆದರೆ? ಯಾರದೋ ಮನೆಯ ಮಗ ಆದರೆ?

"ಬಿಡುದಿಲ್ಲ," ಅಂದ.

"ಓಡಿ ಹೋಗ್ತಿ ನೀನು... ಹಿಂದೆ ಚೈನು ಹಿಡಿದವನ ಹಾಗೆ."

"ಇಲ್ಲ ಮಾರಾಯ. ಇಲ್ಲೇ ಇದ್ದೇನೆ. ನೀನು ಮೊದಲು ಹೊರಗೆ ಬಾ."

ಸುರಕ್ಷಾ ಮೆಟ್ಟಿಲು ಇಳಿಯಲು ನೋಡಿದಳು. ಅವನು ತಲೆ ಅಲ್ಲಾಡಿಸಿ ತಡೆದ. ಕೆಳಗೆ ಸ್ಪಾನರ್ ಮತ್ತೆ ತಿರುಗಿತು. ಅವಸರವಿಲ್ಲ. ಒಂದು ಬೋಲ್ಟು ಬಿಗಿಯಾಗುದು... ಸುಮ್ಮನಾಗುದು... ಇನ್ನೊಂದು ಸುರುವಾಗುದು. ಚೈನು ಅಂಗೈಯೊಳಗೆ ಕಚ್ಚಿ ರಕ್ತ ಬಂತು. ಕಣ್ಣಿಗೆ ಬೆವರು. ಒರೆಸಲಿಕ್ಕೆ ಕೈಯಿಲ್ಲ. ಎಷ್ಟು ಹೊತ್ತು ನಿಂತನೋ ಅವನಿಗೇ ಗೊತ್ತಿಲ್ಲ. "ಇದ್ದೇನೆ... ಇದ್ದೇನೆ..." ಅಂತ ಹೇಳ್ತಾ ಇದ್ದನಂತೆ, ಮಕ್ಕಳನ್ನು ಸಮಾಧಾನ ಮಾಡುವ ಹಾಗೆ.

ಕಡೆಗೆ ಲಾರಿಯಡಿಗೆ ಹಾಸಿದ್ದ ಗೋಣಿಯ ಮೇಲೆ ಯಾರೋ ಜಾರಿದ ಸದ್ದು. ಸರ್ರ್... ಚೈನು ಕೈಯಲ್ಲಿ ಸಡಿಲವಾಯಿತು. ಭಾರ ಇಲ್ಲ. ಹೆಜ್ಜೆಯ ಸದ್ದೂ ಇಲ್ಲ.

ಸುರಕ್ಷಾ ಓಡಿ ಬಂದು ಟಾರ್ಚಿನ ಬೆಳಕು ಬಿಟ್ಟಳು. ಲಾರಿಯಡಿಯಲ್ಲಿ ಖಾಲಿ ಗೋಣಿ. ಅಷ್ಟೇ.

ಆ ರಾತ್ರಿ ಲತೀಶ ಇಪ್ಪತ್ತು ದಿನದ ಮೇಲೆ ಮೊದಲ ಸಲ ಹಾಸಿಗೆ ಮುಟ್ಟಿದ್ದೇ ನಿದ್ದೆ ಹೋದ. ಕೈಗೆ ಕಟ್ಟಿದ ಬಟ್ಟೆ ಬೆಳಿಗ್ಗೆಗೆ ಒಣಗಿ ಅಂಟಿಕೊಂಡಿತ್ತಂತೆ.

ಬೆಳಿಗ್ಗೆ ಹಕೀಮ್ ಬಂದ. ವಿಷಯ ಕೇಳಿದ್ದೇ ಲಾರಿಯ ಅಡಿಗೆ ನುಗ್ಗಿ, ನಾಲ್ಕೂ ಬೋಲ್ಟಿಗೆ ಸ್ಪಾನರ್ ಹಾಕಿ ನೋಡಿದ. ಒಂದೂ ಜಗ್ಗುದಿಲ್ಲ. ಗುಜರಿಯವನಿಗೆ ಫೋನು ಮಾಡಿ, ಅದು ಯಾವ ಲಾರಿಯ ಇಂಜಿನ್ ಅಂತ ಕೇಳಿದ. "ರಾಶಿಯಲ್ಲಿ ಬಂದದ್ದು, ಗೊತ್ತಿಲ್ಲ" ಅಂದನಂತೆ ಅವನು.

ಆ ಲಾರಿ ಈಗಲೂ ಓಡ್ತಾ ಉಂಟು. ನೀವು ನಂಬದಿದ್ದರೆ ಬಿಡಿ. ಲತೀಶನ ಅಂಗೈಯಲ್ಲಿ ಚೈನು ಕಚ್ಚಿದ ಗೆರೆ ನಾನು ಕಣ್ಣಾರೆ ನೋಡಿದ್ದೇನೆ. ಹಕೀಮನನ್ನೂ ಕೇಳಿದ್ದೇನೆ. ಅವನು ಜಾಸ್ತಿ ಮಾತಾಡುವ ಜನ ಅಲ್ಲ. ಒಂದೇ ಮಾತು ಹೇಳಿದ...

ಕಳೆದುಹೋಗುದು ಬೇಡ ಅಂತ ಆ ಇಂಜಿನಿನ ನಾಲ್ಕು ಬೋಲ್ಟನ್ನೂ ಅವನು ಹಿಂದಿನ ಸಂಜೆ ತನ್ನ ಚೀಲಕ್ಕೆ ಹಾಕಿಕೊಂಡು ಕಬಕಕ್ಕೆ ಹೋಗಿದ್ದ. ಬೆಳಿಗ್ಗೆ ಚೀಲ ಬಿಚ್ಚಿ ನೋಡಿದಾಗ, ನಾಲ್ಕೂ ಅಲ್ಲೇ ಇತ್ತು.